ಮಣೂಕ (ಒಣದ್ರಾಕ್ಷಿ) ಶೆಡ್ಡಿನಲ್ಲಿ ಸೆನ್ಸರ್ ಕಿಟ್: ಎರಡು ಸೀಸನ್ ಬಳಸಿದ ಮೇಲೆ

ಐದಕ್ಕೆ ಮೂರೂವರೆ ಸ್ಟಾರ್ ಕೊಟ್ಟಿದ್ದೇನೆ. ಬೋರ್ಡಿಗೆ ಐದು, ಅದರ ಜೊತೆ ಬಂದ ಸೆನ್ಸರ್‌ಗಳಿಗೆ ಎರಡು. ಕೂಡಿಸಿ ಅರ್ಧ ಮಾಡಿದರೆ ಅಷ್ಟೇ ಬರುತ್ತದೆ.

ಆನ್‌ಲೈನಿನಲ್ಲಿ ಐಒಟಿ (ಸೆನ್ಸರ್ ಅಂಕಿಯನ್ನು ಇಂಟರ್ನೆಟ್ಟಿಗೆ ಕಳಿಸುವ ತಂತ್ರ) ಸ್ಟಾರ್ಟರ್ ಕಿಟ್ ಅಂತ ಹುಡುಕಿದರೆ ಸಾಲಾಗಿ ಬರುವ ಡಬ್ಬಿಗಳಲ್ಲಿ ಇದೂ ಒಂದು. ಕಂಪನಿ ಯಾವುದಾದರೂ ಒಳಗಿನ ಸಾಮಾನು ಹೆಚ್ಚುಕಮ್ಮಿ ಇದೇ: ಇಎಸ್‌ಪಿ8266 ಅನ್ನುವ ವೈಫೈ ಚಿಪ್ ಇರುವ ನೋಡ್‌ಎಂಸಿಯು ಬೋರ್ಡ್, ಬೆಸುಗೆ ಇಲ್ಲದೆ ವೈರ್ ಚುಚ್ಚುವ ಬ್ರೆಡ್‌ಬೋರ್ಡ್, ಜಂಪರ್ ವೈರ್, ಗಾಳಿಯ ತೇವ ಮತ್ತು ಉಷ್ಣತೆ ಅಳೆಯುವ ಡಿಎಚ್‌ಟಿ11, ಮಣ್ಣಿನ ತೇವ ನೋಡುವ ಕಡ್ಡಿ, ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್, ಬೆಳಕು ನೋಡಲು ಎಲ್‌ಡಿಆರ್, ಬೋರ್ಡಿನಿಂದ ಸ್ವಿಚ್ ಹಾಕಿ ತೆಗೆಯಲು ಒಂದು ರಿಲೇ, ಒಂದಿಷ್ಟು ಎಲ್‌ಇಡಿ.

ಮನೆ ವಿಜಯಪುರದಲ್ಲಿ, ದ್ರಾಕ್ಷಿ ತೋಟ ತಿಕೋಟಾ ಕಡೆ. ಮಗಳು ಕಲಿಯಲಿ ಅಂತ ತರಿಸಿದ್ದು. ಆದರೆ ನನ್ನ ಕಣ್ಣು ಮೊದಲಿನಿಂದಲೂ ಮಣೂಕ ಶೆಡ್ಡಿನ ಮೇಲಿತ್ತು. ಹಣ್ಣನ್ನು ಡಿಪ್ಪಿಂಗ್ ದ್ರಾವಣದಲ್ಲಿ ಅದ್ದಿ ಬಲೆಯ ರ‍್ಯಾಕ್ ಮೇಲೆ ಹರವಿದ ಮೇಲೆ ಎರಡು ವಾರ ಜೀವ ಕೈಯಲ್ಲಿ ಹಿಡಿದೇ ಇರಬೇಕು. ಮೋಡ ಕವಿದು ಗಾಳಿಯಲ್ಲಿ ತೇವ ಏರಿದರೆ ಮಣೂಕ ಕಪ್ಪಾಗುತ್ತದೆ. ಬಣ್ಣ ಹೋದರೆ ರೇಟೂ ಹೋಯಿತು. ಊರಲ್ಲಿ ಕೂತೇ ಶೆಡ್ಡಿನ ತೇವ ಎಷ್ಟಿದೆ ಅಂತ ಗೊತ್ತಾದರೆ ತಾಡಪತ್ರಿ ಇಳಿಸಲು ಫೋನ್ ಮಾಡಬಹುದು, ಅಲ್ವಾ?

ಶುರು ಮಾಡುವುದು ಸುಲಭ. ಕಂಪ್ಯೂಟರಿಗೆ ಬೋರ್ಡ್ ಗುರುತು ಹಿಡಿಸುವ ಸಿಎಚ್340 ಡ್ರೈವರ್ ಹಾಕಿಕೊಂಡು, ಆರ್ಡಿನೋ ಸಾಫ್ಟ್‌ವೇರಿನಲ್ಲಿ ಬೋರ್ಡ್ ಆರಿಸಿದರೆ ಆಯಿತು. ಮಗಳು ಅವತ್ತು ಸಂಜೆಯೇ ಎಲ್‌ಇಡಿ ಮಿನುಗಿಸಿದಳು. ಸೆನ್ಸರ್ ಅಂಕಿ ಕೂಡಿಡುವ ಥಿಂಗ್‌ಸ್ಪೀಕ್ ಜಾಲತಾಣದಲ್ಲಿ ಪುಕ್ಕಟೆ ಖಾತೆ ತೆರೆದು ಗ್ರಾಫ್ ಕೂಡ ಬರಿಸಿದಳು. ಪುಕ್ಕಟೆ ಖಾತೆಗೆ 15 ಸೆಕೆಂಡಿಗೊಮ್ಮೆ ಮಾತ್ರ ಅಂಕಿ ಕಳಿಸಬಹುದು. ನಮಗೆ ಹತ್ತು ನಿಮಿಷಕ್ಕೊಮ್ಮೆ ಬಂದರೂ ಜಾಸ್ತಿಯೇ.

ತಕರಾರು ಶುರುವಾಗಿದ್ದು ಏಪ್ರಿಲ್‌ನಲ್ಲಿ. ಶೆಡ್ಡಿನಲ್ಲಿ ದಿನಾ ಮಧ್ಯಾಹ್ನ ತೇವ ಶೇ 20ಕ್ಕೆ ಬಂದು ನಿಂತುಬಿಡುತ್ತಿತ್ತು. ಎರಡು ಗಂಟೆಗೂ 20, ನಾಲ್ಕಕ್ಕೂ 20. ಗ್ರಾಫ್ ನೋಡಿದರೆ ನೆಲ ಸಾರಿಸಿದ ಹಾಗೆ ಸಪಾಟು. ಶೆಡ್ ನೋಡಿಕೊಳ್ಳುವ ನಮ್ಮ ಕಾಕಾ ಫೋನಿನಲ್ಲಿ, ‘ತಮ್ಮಾ, ನಿನ್ನ ಮಷಿನ್ ಊಟ ಆದ ಕೂಡ್ಲೇ ಮಲಗ್ತೈತೇನು?’ ಅಂದರು. ಸೆನ್ಸರ್ ಕೆಟ್ಟಿರಲಿಲ್ಲ. ಡಿಎಚ್‌ಟಿ11 ಅಳೆಯುವುದೇ ಶೇ 20ರಿಂದ 90ರವರೆಗೆ. ನಮ್ಮ ಬಿಸಿಲಿನಲ್ಲಿ ತೇವ ಅದಕ್ಕಿಂತ ಕೆಳಗೆ ಇಳಿಯುತ್ತದೆ. ಅಳೆದದ್ದರಲ್ಲೂ ಐದು ಆಚೆ ಈಚೆ. ಉಷ್ಣತೆಯೂ 50 ಡಿಗ್ರಿಯವರೆಗೆ ಮಾತ್ರ, ಅದರಲ್ಲೂ ಎರಡು ಡಿಗ್ರಿ ಹೆಚ್ಚುಕಮ್ಮಿ. ತಂಪು ಊರಿನ ಡ್ರಾಯಿಂಗ್ ರೂಮಿಗೆ ಇದು ಸಾಕು. ತಗಡಿನ ಶೆಡ್ಡಿಗೆ ಸಾಲದು.

ಡಿಎಚ್‌ಟಿ22 ಬೇರೆ ತರಿಸಿದೆವು. ತೇವ 0ಯಿಂದ 100, ಉಷ್ಣತೆ 80 ಡಿಗ್ರಿವರೆಗೆ, ತಪ್ಪು ಅರ್ಧ ಡಿಗ್ರಿ. ವೈರಿಂಗ್ ಅದೇ, ಪ್ರೋಗ್ರಾಮಿನಲ್ಲಿ ಒಂದೇ ಸಾಲು ಬದಲು. ಈಗ ರಾತ್ರಿ ತೇವ ಏರುವುದು, ಬೆಳಗಾದ ಮೇಲೆ ಇಳಿಯುವುದು ಸರಿಯಾಗಿ ಕಾಣುತ್ತದೆ. ಕೆಳಗಿನ ರ‍್ಯಾಕ್ ಮೇಲಿನದಕ್ಕಿಂತ ನಿಧಾನ ಒಣಗುತ್ತದೆ ಅಂತ ಕಾಕಾ ಕೈಯಲ್ಲಿ ಹಿಚುಕಿಯೇ ಹೇಳುತ್ತಿದ್ದರು. ಎರಡು ಕಡೆ ಸೆನ್ಸರ್ ಕಟ್ಟಿದಾಗ ಅವರ ಮಾತೇ ನಿಜವಾಯಿತು. ಅವರಿಗೇನೂ ಆಶ್ಚರ್ಯ ಆಗಲಿಲ್ಲ ಬಿಡಿ.

ಮಣ್ಣಿನ ಕಡ್ಡಿಯ ಕಥೆ ಇನ್ನೂ ಕೆಟ್ಟದು. ಎರಡು ಕಾಲಿನ ಈ ಸೆನ್ಸರ್ ಮಣ್ಣಿನೊಳಗೆ ಕರೆಂಟ್ ಹರಿಸಿ ತೇವ ನೋಡುತ್ತದೆ. ಅದೇ ಕರೆಂಟು ಅದರ ಲೋಹವನ್ನು ತಿನ್ನುತ್ತದೆ. ಬಳ್ಳಿಯ ಬುಡದಲ್ಲಿ ಬಿಟ್ಟು ಕೆಲವೇ ವಾರಕ್ಕೆ ಕಿತ್ತು ನೋಡಿದರೆ ಒಂದು ಕಾಲಿನ ಹೊಳಪೆಲ್ಲ ಹೋಗಿ ಹಸಿರು ಪುಡಿ ಮೆತ್ತಿಕೊಂಡಿತ್ತು. ಕೆಪಾಸಿಟಿವ್ ಅನ್ನುವ ಸೆನ್ಸರ್ ಬರುತ್ತದೆ, ಅದರ ಲೋಹ ಮಣ್ಣಿಗೆ ತಾಗುವುದಿಲ್ಲ. ಬೆಲೆಯೂ ಭಾರೀ ಜಾಸ್ತಿಯೇನಲ್ಲ. ಕಿಟ್‌ನವರು ಅದನ್ನೇ ಇಟ್ಟಿದ್ದರೆ ಏನಾಗುತ್ತಿತ್ತು?

ಇನ್ನೊಂದು ತಮಾಷೆ. ಎಲ್‌ಡಿಆರ್ ಮತ್ತು ಮಣ್ಣಿನ ಕಡ್ಡಿ ಎರಡಕ್ಕೂ ಅನಲಾಗ್ ಪಿನ್ (ಏರಿಳಿಯುವ ವೋಲ್ಟೇಜ್ ಓದುವ ಕಾಲು) ಬೇಕು. ಈ ಬೋರ್ಡಿನಲ್ಲಿ ಅಂಥದ್ದು ಇರುವುದು ಒಂದೇ, ಎ0. ಅಂದರೆ ಡಬ್ಬಿಯಲ್ಲಿರುವ ಎರಡನ್ನೂ ಸುಮ್ನೆ ಒಟ್ಟಿಗೆ ಜೋಡಿಸಲು ಆಗುವುದಿಲ್ಲ. ಕಿಟ್ ಜೊತೆಯ ಪುಸ್ತಕದಲ್ಲಿ ಇದರ ಸುದ್ದಿಯೇ ಇಲ್ಲ. ಅಲ್ಟ್ರಾಸಾನಿಕ್ ಸೆನ್ಸರಿನ ಎಕೋ ಕಾಲು 5 ವೋಲ್ಟ್ ಕೊಡುತ್ತದೆ, ಬೋರ್ಡ್ 3.3 ವೋಲ್ಟಿನದು. ನಡುವೆ ಎರಡು ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸಬೇಕು. ಪುಸ್ತಕದ ಚಿತ್ರದಲ್ಲಿ ನೇರ ಜೋಡಿಸಿದ್ದಾರೆ. ಮಾರಿದವರಿಗೆ ಬರೆದು ಕೇಳಿದೆ, ‘ಚೆಕ್ ಮಾಡುತ್ತೇವೆ ಸರ್’ ಅಂದರು. ಇನ್ನೂ ಮಾಡುತ್ತಲೇ ಇದ್ದಾರೆ.

ಬೋರ್ಡಿನ ಬಗ್ಗೆ ಮಾತ್ರ ಒಂದು ಮಾತೂ ಆಡುವಂತಿಲ್ಲ. ತೋಟದಲ್ಲಿ ಕರೆಂಟ್ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಹೇಳಲಾಗದು. ಬಂದ ಕೂಡಲೇ ತಾನೇ ಎದ್ದು, ವೈಫೈ ಹುಡುಕಿ, ಅಂಕಿ ಕಳಿಸಲು ಶುರು ಮಾಡುತ್ತದೆ. ಎರಡು ಬೇಸಿಗೆಯ ಧೂಳು, ಕಾವು ಎಲ್ಲ ತಿಂದಿದೆ. ವೈಫೈಗೆ ಹಳೆಯ ಮೊಬೈಲಿನ ಹಾಟ್‌ಸ್ಪಾಟ್ ಇಟ್ಟಿದ್ದೇವೆ. ಇದಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತದೆ. ಹೊಸ ಫೋನಾದರೆ ಸೆಟ್ಟಿಂಗ್ಸ್‌ನಲ್ಲಿ 5 ಗಿಗಾಹರ್ಟ್ಸ್ ಇದೆಯಾ ನೋಡಿ 2.4ಕ್ಕೆ ಬದಲಿಸಿ. ಪವರ್ ಬ್ಯಾಂಕ್ ನಂಬಬೇಡಿ. ಬೋರ್ಡ್ ಡೀಪ್ ಸ್ಲೀಪಿಗೆ (ಕೆಲಸವಿಲ್ಲದಾಗ ಮಲಗುವ ಸ್ಥಿತಿ) ಹೋದರೆ ಎಳೆಯುವ ಕರೆಂಟ್ ತೀರಾ ಕಡಿಮೆ. ಏನೂ ಜೋಡಿಸಿಲ್ಲ ಅಂದುಕೊಂಡು ಪವರ್ ಬ್ಯಾಂಕ್ ತಾನೇ ಆಫ್ ಆಗಿಬಿಡುತ್ತದೆ. ನಾವು ಮಾಮೂಲಿ ಮೊಬೈಲ್ ಚಾರ್ಜರಿನಲ್ಲೇ ನಡೆಸುತ್ತಿದ್ದೇವೆ.

ಬ್ರೆಡ್‌ಬೋರ್ಡ್ ಮೇಜಿನ ಮೇಲೆ ಮಾತ್ರ. ಶೆಡ್ಡಿನ ಗಾಳಿಗೆ ವೈರ್ ಅಲುಗಿ ಅಂಕಿ ನಿಲ್ಲುತ್ತಿತ್ತು. ಜೀರೋ ಪಿಸಿಬಿ ಅನ್ನುವ ತೂತಿನ ಹಲಗೆಯ ಮೇಲೆ ಬೆಸುಗೆ ಹಾಕಿ, ತೂತು ಮಾಡಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿದ ಮೇಲೆ ಆ ರಗಳೆ ಮುಗಿಯಿತು.

ಈಗ ಹೊಸದಾಗಿ ತಗೊಳ್ಳುವವರು ಇಎಸ್‌ಪಿ32 ಇರುವ ಕಿಟ್ ನೋಡಿ. 2016ರಿಂದಲೇ ಸಿಗುತ್ತಿರುವ ಚಿಪ್, ಅನಲಾಗ್ ಪಿನ್ ಬೇಕಾದಷ್ಟಿವೆ, ಬ್ಲೂಟೂತ್ ಕೂಡ ಇದೆ.

ರಿಲೇ ಬಳಸಿಲ್ಲ. ಮೇಲೆ 10 ಆಂಪಿಯರ್, 250 ವೋಲ್ಟ್ ಅಂತ ಬರೆದಿದೆ. ಅದನ್ನು ನೋಡಿ ಪಕ್ಕದ ತೋಟದವರು ‘ಬೋರ್ ಮೋಟಾರಿಗೆ ಹಚ್ಚೂಣೇನ್ರಿ?’ ಅಂದರು. ಬೇಡ ಅಂದೆ. ತ್ರೀ ಫೇಸ್ ಮೋಟಾರ್ ಶುರುವಾಗುವಾಗ ಎಳೆಯುವ ಕರೆಂಟೇ ಬೇರೆ. ಹಚ್ಚಲೇಬೇಕಾದರೆ ಸ್ಟಾರ್ಟರಿನೊಳಗಿನ ದೊಡ್ಡ ಸ್ವಿಚ್ಚನ್ನು ಎಳೆಯುವ ಕಾಂಟ್ಯಾಕ್ಟರ್ ಕಾಯಿಲಿಗೆ ಮಾತ್ರ, ಅದೂ ಎಲೆಕ್ಟ್ರಿಷಿಯನ್ ಕೈಯಿಂದಲೇ.