ದುರ್ಗಿಗುಡಿ ಸಮೀಪದ ಮನೆಯೂಟದ ಡಬ್ಬಿ: ಉಪ್ಪು ಕಡಿಮೆ, ರುಚಿ ಸಾಕಷ್ಟು

ಅಪ್ಪೆಮಿಡಿ ಉಪ್ಪಿನಕಾಯಿಯಿಲ್ಲದೆ ಒಂದು ಹೊತ್ತೂ ಉಣ್ಣದಿದ್ದ ನಮ್ಮ ತಂದೆಯವರಿಗೆ ಯಕೃತ್ತಿನ ಸಿರೋಸಿಸ್ (ಯಕೃತ್ತು ಗಾಯಗೊಂಡು ಗಟ್ಟಿಯಾಗುವ ಕಾಯಿಲೆ) ಮುಂದುವರಿದ ಹಂತದಲ್ಲಿದೆಯೆಂದು ತಿಳಿದ ಮೇಲೆ, ತೀರ್ಥಹಳ್ಳಿ ಕಡೆಯ ತೋಟದ ಮನೆಯಿಂದ ಅವರನ್ನು ಶಿವಮೊಗ್ಗಕ್ಕೆ ಕರೆತಂದು, ಎರಡು ತಿಂಗಳ ಕಾಲ ಈ ಮನೆಯೂಟದವರಿಂದ ಡಬ್ಬಿ ತರಿಸಿಕೊಂಡೆವು. ಹೊಟ್ಟೆಯಲ್ಲಿ ನೀರು ತುಂಬುತ್ತಿದ್ದುದರಿಂದ ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದೆಂದೂ, ಸ್ನಾಯು ಕರಗದಂತೆ ದೇಹತೂಕದ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕೆಂದೂ ವೈದ್ಯರು ಬರೆದುಕೊಟ್ಟಿದ್ದರು.

ಬರೀ ಗಂಜಿಯೇ ಪಥ್ಯವೆಂದು ನಂಟರೆಲ್ಲ ಉಪದೇಶಿಸುತ್ತಿದ್ದಾಗ, ಅಡುಗೆ ಮಾಡುವ ಅಮ್ಮನವರು ಮಾತ್ರ ಆ ಚೀಟಿಯನ್ನು ಗಮನವಿಟ್ಟು ಓದಿ, ಹೆಸರುಕಾಳಿನ ಪಲ್ಯ, ತೊವ್ವೆ, ಮೊಸರು, ದೊಡ್ಡಪತ್ರೆ ತಂಬುಳಿ ಎಂದು ದಿನಕ್ಕೊಂದು ಬಗೆ ಮಾಡಿ, ಉಪ್ಪಿನ ಕೊರತೆಯನ್ನು ನಿಂಬೆಹುಳಿ, ಜೀರಿಗೆ, ಕಾಳುಮೆಣಸುಗಳಿಂದ ಮರೆಸಿದರು. ತಂಬುಳಿಯನ್ನು ತಂದೆಯವರು ಕೇಳಿ ಹಾಕಿಸಿಕೊಳ್ಳುತ್ತಿದ್ದರು.

ಕೊರತೆಗಳೂ ಇವೆ. ಮೊದಲ ವಾರ ಅಭ್ಯಾಸಬಲದಿಂದ ಹಪ್ಪಳ, ಉಪ್ಪಿನಕಾಯಿ ಡಬ್ಬಿಯೊಳಗೆ ಬಂದವು. ನಾವು ಗಮನಿಸುವಷ್ಟರಲ್ಲಿ ತಂದೆಯವರು ತಿಂದು ಮುಗಿಸಿದ್ದರು, ಉಪ್ಪಿನಿಂದ ಮೈಯಲ್ಲಿ ನೀರು ನಿಂತು ಬೆಳಗಿನ ತೂಕವೂ ಏರಿತು. ರಾತ್ರಿಯ ಡಬ್ಬಿ ಏಳು ಗಂಟೆಗೇ ಬರುತ್ತದೆ. ಈ ಕಾಯಿಲೆಯಲ್ಲಿ ರಾತ್ರಿಯಿಡೀ ಬರಿಹೊಟ್ಟೆಯಲ್ಲಿರುವುದು ಸ್ನಾಯುಗಳಿಗೆ ಹಾನಿಯಾದ್ದರಿಂದ, ಮಲಗುವ ಮುನ್ನ ಕೊಡಬೇಕಾದ ತಿಂಡಿಯನ್ನು ನಾವೇ ಮಾಡಿಕೊಳ್ಳಬೇಕಾಯಿತು. ಭಾನುವಾರ ರಜೆ. ಪಥ್ಯದ ಊಟ ಬೇಕಾದವರು ವೈದ್ಯರ ಚೀಟಿಯ ಪ್ರತಿಯನ್ನು ಹಿಂದಿನ ದಿನವೇ ಕೊಟ್ಟು, ಹಪ್ಪಳ ಬೇಡವೆಂದು ಬಾಯಿಬಿಟ್ಟು ಹೇಳಬೇಕು.