ಪೇಟಿ ಚರಕ: ಕಲಬುರಗಿಯ ಒಣಹವೆಗೆ ಒಗ್ಗುತ್ತದೆಯೇ?

ಉತ್ತರ ಮೊದಲೇ ಹೇಳಿಬಿಡೋಣ. ಹತ್ತಿ ನೂಲುವ ಆಸೆಯಿದ್ದರೆ ಪೇಟಿ ಚರಕ ಕಣ್ಣು ಮುಚ್ಚಿ ಕೊಳ್ಳುವ ವಸ್ತುವಲ್ಲ, ಆದರೆ ನೋಡಿ ಕೊಂಡರೆ ಅದಕ್ಕಿಂತ ಒಳ್ಳೆಯದು ಮನೆಯಲ್ಲಿಡಲು ಇನ್ನೊಂದಿಲ್ಲ. ಕುರಿ ಉಣ್ಣೆ ನೂಲುವ ಆಸೆಯಿದ್ದರೆ ಕೊಳ್ಳಬೇಡಿ. ಕಲಬುರಗಿ, ಯಾದಗಿರಿ, ಬೀದರ್ ಕಡೆ ಇದನ್ನು ಕೊಂಡವರಲ್ಲಿ ಹಲವರು ತಿಂಗಳೊಳಗೆ ಅಟ್ಟಕ್ಕೆ ಏರಿಸುತ್ತಾರೆ. ಹೆಚ್ಚಿನ ಸಲ ತಪ್ಪು ಚರಕದ್ದಲ್ಲ. ಹಂಜಿಯದು (ನೂಲಲು ಸುತ್ತಿಟ್ಟ ಹತ್ತಿಯ ಸುರುಳಿ), ಚಕ್ರದ ದಾರದ್ದು, ನಮ್ಮ ಬೇಸಿಗೆಯದು.

ಪೆಟ್ಟಿಗೆ ಮುಚ್ಚಿ ಕೈಯಲ್ಲಿ ಹಿಡಿದು ಒಯ್ಯಬಹುದಾದ ಈ ಚರಕ ರೂಪ ಪಡೆದದ್ದು ಗಾಂಧೀಜಿ ಯೆರವಡಾ ಜೈಲಿನಲ್ಲಿದ್ದಾಗ. ಯೆರವಡಾ ಚರಕ ಎಂಬ ಹೆಸರು ಅಲ್ಲಿಂದಲೇ ಬಂತು. ಅಖಿಲ ಭಾರತ ಚರಕ ಸಂಘ 1929ರಲ್ಲಿ ಸುಧಾರಿತ ಚರಕಕ್ಕೆ 1 ಲಕ್ಷ ರೂಪಾಯಿ ಬಹುಮಾನ ಸಾರಿತ್ತು. 8 ಗಂಟೆಯಲ್ಲಿ 12ರಿಂದ 20ನೇ ನಂಬರಿನ (ನಂಬರು ಹೆಚ್ಚಿದಷ್ಟೂ ನೂಲು ಸಣ್ಣ) 16,000 ಅಡಿ ನೂಲು ಬರಬೇಕು ಎಂಬುದು ಅದರ ಷರತ್ತುಗಳಲ್ಲೊಂದು. ಆ ವೇಗವನ್ನು ಪೇಟಿ ಚರಕದಿಂದ ನಿರೀಕ್ಷಿಸಬೇಡಿ. ಒಂದೇ ಕದಿರು (ನೂಲಿಗೆ ಹುರಿ ಹಾಕಿ ಸುತ್ತಿಕೊಳ್ಳುವ ಸರಳು), ಒಂದೇ ಕೈಯ ಎಳೆತ. ಖಾದಿ ಕೇಂದ್ರಗಳಲ್ಲಿ ಹಲವು ಕದಿರಿನ ಅಂಬರ ಚರಕ ಮಾಡುವ ಕೆಲಸವೇ ಬೇರೆ.

ಒಳಗಿರುವುದು ಇಷ್ಟು: ಹಿಡಿ ಇರುವ ದೊಡ್ಡ ಚಕ್ರ, ವೇಗ ಹೆಚ್ಚಿಸುವ ಸಣ್ಣ ಚಕ್ರ, ಕದಿರು, ಅದನ್ನು ಹಿಡಿಯುವ ಮಡಚುವ ಕಂಬ, ಎರಡು ದಾರ, ಲಡಿ (ನೂಲಿನ ಕಟ್ಟು) ಸುತ್ತುವ ಮಡಚುಕಡ್ಡಿ. ದೊಡ್ಡ ಚಕ್ರದಿಂದ ಸಣ್ಣದಕ್ಕೆ ಒಂದು ದಾರ, ಸಣ್ಣದರಿಂದ ಕದಿರಿನ ಗಾಲಿಗೆ ಇನ್ನೊಂದು. ಪುಸ್ತಕದಷ್ಟೇ ಇರುವ ಚಿಕ್ಕ ಮಾದರಿಯೂ ಸಿಗುತ್ತದೆ. ನಮ್ಮ ಆಯ್ಕೆ ಸೂಟ್‌ಕೇಸಿನಂಥ ದೊಡ್ಡದು. ಚಿಕ್ಕದರಲ್ಲಿ ಚಕ್ರಗಳೂ ಸಣ್ಣವು, ದಾರ ಬೇಗ ಜಾರುತ್ತದೆ, ಹಗುರವಾದ ಪೆಟ್ಟಿಗೆ ಕೈಯ ಎಳೆತಕ್ಕೆ ನೆಲದ ಮೇಲೆ ಸರಿಯುತ್ತದೆ. ಕಾಣಿಕೆಯಾಗಿ ಕೊಡುವ ಅಂಗೈ ಗಾತ್ರದ ಚರಕಗಳ ಮಾತೇ ಬೇಡ, ಅವು ಶೋಕೇಸಿಗೆ ಮಾಡಿದವು.

ಅಂಗಡಿಯಲ್ಲಿ ಪೆಟ್ಟಿಗೆಯ ಪಾಲಿಶ್ ನೋಡುತ್ತ ಕೂರಬೇಡಿ, ಕದಿರು ನೋಡಿ. ಬಿಳಿ ಕಾಗದ ಹಿಂದೆ ಹಿಡಿದು ಚಕ್ರವನ್ನು ನಿಧಾನ ತಿರುಗಿಸಿ. ಕದಿರಿನ ತುದಿ ಒಂದೇ ಚುಕ್ಕೆಯಂತೆ ನಿಲ್ಲಬೇಕು. ಅಲುಗಿದರೆ ಬಾಗಿದೆ ಎಂದರ್ಥ. ಕದಿರನ್ನು ಬಿಡಿಸಿ ಗಾಜಿನ ಮೇಲೆ ಉರುಳಿಸಿದರೆ ಎಲ್ಲಿ ಬಾಗಿದೆ ಎಂದೂ ಗೊತ್ತಾಗುತ್ತದೆ. ಬಾಗಿದ ಕದಿರು ಪ್ರತಿ ಸುತ್ತಿಗೂ ನೂಲನ್ನು ಜಗ್ಗುತ್ತದೆ. ದಪ್ಪ ನೂಲು ತಾಳಿಕೊಂಡೀತು, ಸಣ್ಣ ನೂಲು ತುದಿಯಲ್ಲೇ ಹರಿಯುತ್ತದೆ. ಆಮೇಲೆ ಎರಡೂ ಚಕ್ರ ಮತ್ತು ಕದಿರಿನ ಗಾಲಿ ಒಂದೇ ಮಟ್ಟದಲ್ಲಿವೆಯೇ ಎಂದು ಬದಿಯಿಂದ ಕಣ್ಣು ಹಾಯಿಸಿ. ಮೇಲುಕೆಳಗಾಗಿದ್ದರೆ ದಾರ ಪದೇ ಪದೇ ಕಳಚುತ್ತದೆ, ಎಷ್ಟು ಬಿಗಿ ಮಾಡಿದರೂ ನಿಲ್ಲುವುದಿಲ್ಲ. ಬಾಗಿದ ಕದಿರನ್ನು ಲೇತ್ ಅಂಗಡಿಯವರು ನೇರ ಮಾಡಿಕೊಡಬಲ್ಲರು. ಮಟ್ಟ ತಪ್ಪಿದ ಪೆಟ್ಟಿಗೆಯನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಚರಕದೊಂದಿಗೆ ಬರುವ ದಾರ ಹೆಚ್ಚಾಗಿ ನೈಲಾನಿನದು ಅಥವಾ ದಪ್ಪ ಗಂಟು ಹಾಕಿದ್ದು. ಗಂಟು ಕದಿರಿನ ಗಾಲಿಯನ್ನು ದಾಟುವಾಗಲೆಲ್ಲ ಕದಿರು ಎಗರುತ್ತದೆ. ಇದನ್ನು ಮೊದಲ ದಿನವೇ ಬದಲಿಸಿ. 8-10 ಎಳೆ ಹತ್ತಿ ನೂಲನ್ನು ಒಟ್ಟಿಗೆ ಹುರಿ ಮಾಡಿ, ಮಡಚಿ ಎದುರು ದಿಕ್ಕಿಗೆ ಮತ್ತೆ ಹುರಿ ಮಾಡಿ. ತುದಿಗಳನ್ನು ಗಂಟು ಹಾಕದೆ 2 ಸೆಂಟಿಮೀಟರಿನಷ್ಟು ಒಂದರ ಮೇಲೊಂದಿಟ್ಟು ಸೂಜಿಯಿಂದ ಹೊಲಿಯಿರಿ. ಜೇನುಮೇಣ ತಿಕ್ಕಿದರೆ ಹಿಡಿತ ಬರುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಅಚ್ಚಿಗೆ ಒಂದು ಹನಿ, ಕದಿರು ಕೂರುವ ಜಾಗಕ್ಕೆ ಒಂದು ಹನಿ, ಅಷ್ಟೇ. ದಾರಕ್ಕೆ ತಾಗಿದರೆ ಜಾರುತ್ತದೆ, ಕದಿರಿನ ಮೈಗೆ ಹರಿದರೆ ನೂಲಿಗೆ ಕಪ್ಪು ಕಲೆ ಕೂರುತ್ತದೆ, ಅದು ಕುದಿಸಿದರೂ ಪೂರ್ತಿ ಹೋಗುವುದಿಲ್ಲ.

ಇನ್ನು ಹಂಜಿ. ನೂಲುವಿಕೆಯ ಅರ್ಧಕ್ಕಿಂತ ಹೆಚ್ಚು ಕೆಲಸ ಇಲ್ಲೇ ಮುಗಿದಿರುತ್ತದೆ. ದವಾಖಾನಿ ಹತ್ತಿ ತಂದು ಕಲಿಯಲು ಕೂತವರು ಸೋಲುವುದು ಖಂಡಿತ. ಅದರ ಎಳೆ ಗಿಡ್ಡ, ಬಿಳಿ ಮಾಡುವಾಗ ಹತ್ತಿಯ ಸಹಜ ಮೇಣವೂ ಹೋಗಿರುತ್ತದೆ, ಎಳೆ ಎಳೆಯ ಮೇಲೆ ಜಾರುವುದಿಲ್ಲ. ಗಾದಿ ಅಂಗಡಿಯ ಹತ್ತಿಯಲ್ಲಿ ಹಳೆ ಗಾದಿಯದು ಬೆರೆತಿದ್ದರೆ ಅದೂ ಅಷ್ಟೇ, ಎಳೆಗಳು ತುಂಡಾಗಿರುತ್ತವೆ. ನಮ್ಮ ಪುಣ್ಯಕ್ಕೆ ಹತ್ತಿ ಬೆಳೆಯುವ ಎರೆಭೂಮಿ ಮನೆಬಾಗಿಲಲ್ಲೇ ಇದೆ. ಶಹಾಪುರ, ಸುರಪುರ, ಜೇವರ್ಗಿ ಕಡೆಯ ರೈತರಿಂದ ಬಿಡಿಸಿದ ಹತ್ತಿಯನ್ನೇ ನೇರವಾಗಿ ತನ್ನಿ, ಅಥವಾ ಜಿನ್ನಿಂಗ್ ಕಾರ್ಖಾನೆಯಲ್ಲಿ ಬೇಲ್ ಒತ್ತುವ ಮೊದಲಿನ ಅರಳೆ (ಬೀಜ ತೆಗೆದ ಹತ್ತಿ) ಕೇಳಿ. ಬೇಲಿನಲ್ಲಿ ಒತ್ತಿದ ಅರಳೆ ಚಪ್ಪಟೆಯಾಗಿ ಅಂಟಿಕೊಂಡಿರುತ್ತದೆ, ಹಿಂಜುವುದು ಎರಡರಷ್ಟು ಕೆಲಸ. ಬೀಜ ಸಮೇತ 1 ಕಿಲೋ ಹತ್ತಿ ತಂದರೆ ಅರಳೆ ಅದರ ಮೂರನೇ ಒಂದು ಪಾಲಿನ ಆಸುಪಾಸು ಕೂರುತ್ತದೆ. ಸ್ವಲ್ಪವೇ ಆದರೆ ಮರದ ಹಲಗೆಯ ಮೇಲಿಟ್ಟು ಕಬ್ಬಿಣದ ಸಲಾಕೆ ಉರುಳಿಸಿ, ಬೀಜ ಮುಂದಕ್ಕೆ ಹಾರಿ ಬೀಳುತ್ತದೆ.

ಹಿಂಜಲು ಪಿಂಜಾರರ ಬಿಲ್ಲಿಗೆ ಸಮನಾದುದಿಲ್ಲ. ಬಿಲ್ಲಿನ ಹೆದೆ ಎಳೆಗಳನ್ನು ಕಡಿಯದೆ ಬಿಡಿಸುತ್ತದೆ, ಯಂತ್ರ ಹಾಗೆ ಮಾಡುವುದಿಲ್ಲ. ಊರಿನಲ್ಲಿ ಇನ್ನೂ ಬಿಲ್ಲು ಹಿಡಿಯುವವರಿದ್ದರೆ ಅವರ ಕೈಯಲ್ಲೇ ಮಾಡಿಸಿ, ಕೇಳಿದಷ್ಟು ಕೂಲಿ ಕೊಡಿ. ಹಿಂಜಿದ ಅರಳೆಯಿಂದ 2 ಗ್ರಾಂ ತೆಗೆದು ತೆಳ್ಳಗೆ ಹಾಸಿ, ಪೆನ್ಸಿಲಿಗಿಂತ ಸಣ್ಣ ನುಣುಪು ಕಡ್ಡಿಗೆ ಸುತ್ತಿ, ಹಲಗೆಯ ಮೇಲೆ ಅಂಗೈಯಿಂದ ಎರಡು ಮೂರು ಸಲ ಹಗುರಾಗಿ ಉರುಳಿಸಿ ಕಡ್ಡಿ ಎಳೆದುಬಿಡಿ. 15-20 ಸೆಂಟಿಮೀಟರ್ ಉದ್ದದ ಹಂಜಿ ಸಿಗುತ್ತದೆ. ಒತ್ತಿ ಉರುಳಿಸಿದರೆ ನೂಲಿನಲ್ಲಿ ಗಂಟು ಗಂಟು ಬರುತ್ತದೆ, ಸಡಿಲ ಬಿಟ್ಟರೆ ಒಮ್ಮೆಗೇ ಗೊಂಚಲು ಬಿಚ್ಚಿಕೊಳ್ಳುತ್ತದೆ. ಬೆವರಿದ ಕೈಯಲ್ಲಿ ಮುಟ್ಟಬೇಡಿ. ಒಂದು ವಾರಕ್ಕೆ ಬೇಕಾದಷ್ಟೇ ಮಾಡಿ ಬುಟ್ಟಿಯಲ್ಲಿ ಬಿಡಿಬಿಡಿಯಾಗಿ ಇಡಿ.

ನೂಲಲು ಕೂತಾಗ ಬಲಗೈ ಚಕ್ರದ ಹಿಡಿಗೆ, ಎಡಗೈ ಹಂಜಿಗೆ. ಮೊದಲೇ ನೂತ ಅರ್ಧ ಮೀಟರ್ ನೂಲನ್ನು ಕದಿರಿಗೆ ಸುತ್ತಿ ತುದಿಗೆ ತನ್ನಿ, ಆ ನೂಲಿನ ತುದಿಗೆ ಹಂಜಿ ತಾಗಿಸಿ. ನೂಲು ಕದಿರಿನ ತುದಿಗೆ ಓರೆಯಾಗಿರಬೇಕು, ಸುಮಾರು 45 ಡಿಗ್ರಿ. ಚಕ್ರ ತಿರುಗುತ್ತಿದ್ದಂತೆ ಎಡಗೈ ಹಿಂದಕ್ಕೆ ಸರಿಯಲಿ. ಹೆಬ್ಬೆರಳು, ತೋರುಬೆರಳು ಹಂಜಿಯನ್ನು ಹಿಡಿದೂ ಹಿಡಿಯದಂತಿರಬೇಕು. ಕಲಿಯುವವರು ಎಡವುವುದು ಇಲ್ಲೇ. ಬೆರಳು ಬಿಗಿದರೆ ಹುರಿ ಹಂಜಿಯ ಬಾಯಿಗೆ ತಲುಪದೆ ನೂಲು ಹರಿಯುತ್ತದೆ, ಚಕ್ರ ಜೋರಾಗಿ ಕೈ ನಿಧಾನವಾದರೆ ಹುರಿ ಹಂಜಿಯೊಳಗೇ ನುಗ್ಗಿ ಕಟ್ಟಿಹಾಕುತ್ತದೆ. ತೋಳಿನುದ್ದ ಎಳೆದ ಮೇಲೆ ಕೈ ನಿಲ್ಲಿಸಿ ಇನ್ನೊಂದಿಷ್ಟು ತಿರುಗಿಸಿ, ಆಗ ದಪ್ಪ ಸಣ್ಣ ಸಮನಾಗಿ ನೂಲು ಗಟ್ಟಿಯಾಗುತ್ತದೆ. ಆಮೇಲೆ ಚಕ್ರವನ್ನು ತುಸು ಹಿಂದಕ್ಕೆ ತಿರುಗಿಸಿ ತುದಿಯ ಸುತ್ತು ಬಿಚ್ಚಿ, ನೂಲನ್ನು ಕದಿರಿಗೆ ನೇರ ಅಡ್ಡವಾಗಿ ಹಿಡಿದು ಸುತ್ತಿಕೊಳ್ಳಿ. ಹರಿದರೆ ಗಂಟು ಹಾಕಬೇಡಿ, ತುದಿಯನ್ನು ಹಂಜಿಯ ಎಳೆಗಳ ಮೇಲೆ 2-3 ಸೆಂಟಿಮೀಟರ್ ಇಟ್ಟು ಚಕ್ರ ತಿರುಗಿಸಿ, ತಾನೇ ಕೂಡಿಕೊಳ್ಳುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಇದೆಲ್ಲ ಸರಿಯಿದ್ದೂ ನೂಲು ಹರಿಯುತ್ತದೆ. ಹತ್ತಿಗೆ ತೇವ ಬಲ ಕೊಡುತ್ತದೆ. ಒಣಗಿದ ಎಳೆ ಪೆಡಸಾಗಿ ಬೆರಳಿಗೆ ಎದ್ದು ನಿಲ್ಲುತ್ತದೆ. ಆ ದಿನಗಳಲ್ಲಿ ಬೆಳಿಗ್ಗೆ 7ರೊಳಗೆ ನೂಲಿ, ಹಂಜಿಯ ಬುಟ್ಟಿಯ ಮೇಲೆ ಹಿಂಡಿದ ಒದ್ದೆ ಬಟ್ಟೆ ಮುಚ್ಚಿ, ಆದರೆ ಅದು ಹಂಜಿಗೆ ತಾಗಬಾರದು. ಫ್ಯಾನಿನ ಕೆಳಗೆ ಕೂರಲೇಬೇಡಿ. ಕೂಲರ್ ಇರುವ ಕೋಣೆ ಒಳ್ಳೆಯದು, ಅದರ ಗಾಳಿ ನೇರ ಬೀಳದ ಮೂಲೆಯಾದರೆ ಇನ್ನೂ ಒಳ್ಳೆಯದು. ಬೇಸಿಗೆಯಲ್ಲಿ ಮರ ಕುಗ್ಗಿ ತಿರುಪುಗಳು ಸಡಿಲಾಗುತ್ತವೆ, ವಾರಕ್ಕೊಮ್ಮೆ ಬಿಗಿಮಾಡಿ. ಮಳೆಗಾಲದಲ್ಲಿ ಅದೇ ಮರ ಉಬ್ಬಿ ಮುಚ್ಚಳ ಹಿಡಿದುಕೊಳ್ಳುತ್ತದೆ. ಅಂಚು ಉಜ್ಜಲು ಅವಸರ ಮಾಡಬೇಡಿ, ದೀಪಾವಳಿ ಹೊತ್ತಿಗೆ ತಾನೇ ಸರಿಯಾಗುತ್ತದೆ. ಕೆಲಸ ಮುಗಿದ ಮೇಲೆ ದಾರಗಳನ್ನು ಗಾಲಿಯಿಂದ ಇಳಿಸಿಡಿ.

ನೂಲಿನ ನಂಬರು ತಿಳಿಯಲು ಲಡಿಯ ಉದ್ದವನ್ನು ಮೀಟರಿನಲ್ಲಿ ಅಳೆದು, 0.59ರಿಂದ ಗುಣಿಸಿ, ಗ್ರಾಂ ತೂಕದಿಂದ ಭಾಗಿಸಿ. 100 ಮೀಟರ್ 3 ಗ್ರಾಂ ತೂಗಿದರೆ ಅದು ಹತ್ತಿರ ಹತ್ತಿರ 20ನೇ ನಂಬರು. ಆ ಲೆಕ್ಕದಲ್ಲಿ 2 ಗ್ರಾಮಿನ ಹಂಜಿಯೊಂದು 68 ಮೀಟರ್ ನೂಲು ಕೊಡಬೇಕು. ಸುತ್ತುವ ಕಡ್ಡಿಯ ಸುತ್ತಳತೆಯನ್ನು ಟೇಪಿನಿಂದ ನೀವೇ ಅಳೆದುಕೊಳ್ಳಿ, ಪೆಟ್ಟಿಗೆಯ ಮೇಲೆ ಬರೆದದ್ದನ್ನು ನಂಬಬೇಡಿ. ಲಡಿಯನ್ನು ನಾಲ್ಕು ಕಡೆ ಸಡಿಲಾಗಿ ಕಟ್ಟಿ, ಚಿಟಿಕೆ ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಅರ್ಧ ತಾಸು ಕುದಿಸಿ ನೆರಳಿನಲ್ಲಿ ಒಣಗಿಸಿದರೆ ಹುರಿ ನಿಲ್ಲುತ್ತದೆ. ನೀರು ಚಹಾದ ಬಣ್ಣಕ್ಕೆ ತಿರುಗುವುದು ಸಹಜ.

ಉಣ್ಣೆಗೆ ಯಾಕೆ ಬೇಡ ಎಂದರೆ, ನಮ್ಮ ದಖನಿ ಕುರಿಯ ಉಣ್ಣೆ ಒರಟು, ಕೂದಲು ಬೆರೆತದ್ದು. ಅದಕ್ಕೆ ದಪ್ಪ ನೂಲು, ಕಡಿಮೆ ಹುರಿ ಬೇಕು. ಪೇಟಿ ಚರಕದ ಕದಿರು ಸಣ್ಣದು, ವೇಗ ವಿಪರೀತ. ನೂಲು ತಂತಿಯಂತೆ ಬಿರುಸಾಗಿ ಸುತ್ತಿಕೊಳ್ಳುತ್ತದೆ, ಕದಿರು ನಾಲ್ಕು ಎಳೆತಕ್ಕೇ ತುಂಬುತ್ತದೆ. ಕಂಬಳಿ ನೇಯುವ ಕುರುಬರ ಮನೆಗಳ ದೊಡ್ಡ ರಾಟಿಯೇ ಅದಕ್ಕೆ ಸರಿ. ಹಾಸು ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚುವವರೆಗೆ ಆ ಕಸುಬಿನ ಲೆಕ್ಕವೇ ಬೇರೆ. ಉಣ್ಣೆಯ ಮೇಲೆ ಮನಸ್ಸಿದ್ದವರು ಪೇಟಿ ಚರಕದ ದುಡ್ಡನ್ನು ಅಲ್ಲಿ ಒಂದು ಹಳೆ ರಾಟಿಗೆ ಕೊಡಲಿ, ಜೊತೆಗೆ ಆ ಮನೆಯ ಅಜ್ಜಿಯ ಪಕ್ಕ ಕೂತು ಕಲಿಯಲಿ.