ಹಿತ್ತಲಿಗೆ ತಂದ ವೀಲ್‌ಬ್ಯಾರೋ: ಒಂದು ಮಳೆಗಾಲ ತಳ್ಳಿದ ಮೇಲೆ

ಧಾರವಾಡದ ಕೆಲಗೇರಿ ಕಡೆ ನಮ್ಮ ಮನೆ. ಹಿಂದೆ ಎರಡು ಗುಂಟೆ ಹಿತ್ತಲು ಇದೆ. ಎರಡು ತೆಂಗು, ಒಂದು ಮಾವು, ಕರಿಬೇವು, ಸ್ವಲ್ಪ ಕಾಯಿಪಲ್ಲೆ. ಇಷ್ಟಕ್ಕೆ ವೀಲ್‌ಬ್ಯಾರೋ, ಅಂದರೆ ಮುಂದೆ ಒಂದೇ ಗಾಲಿ ಇರೋ ತಳ್ಳುಗಾಡಿ, ಯಾಕೆ ಅಂತ ಕೇಳಿದವರೇ ಜಾಸ್ತಿ. ಮಳೆಗೆ ಮುಂಚೆ ಒಂದು ಟ್ರಾಲಿ ತಿಪ್ಪೆಗೊಬ್ಬರ ಗೇಟಿನ ಮುಂದೆ ಸುರಿದು ಹೋಗಿರುತ್ತೆ, ಅದನ್ನು ಬುಟ್ಟಿಯಲ್ಲಿ ಹೊತ್ತು ಹಿಂದಕ್ಕೆ ಸಾಗಿಸಿದವರು ಈ ಪ್ರಶ್ನೆ ಕೇಳಲ್ಲ. ಮೂರು ದಿನ ಸೊಂಟ ಹಿಡಿದುಕೊಂಡಿರುತ್ತೆ.

ಇದು ನನ್ನ ಎರಡನೇ ಗಾಡಿ. ಮೊದಲನೆಯದನ್ನು ಆನ್‌ಲೈನ್‌ನಲ್ಲಿ ಚಿತ್ರ ನೋಡಿ ತರಿಸಿದ್ದೆ. ಹಸಿರು ಬಣ್ಣ, ದೊಡ್ಡ ತೊಟ್ಟಿ, ಕಡಿಮೆ ರೇಟು. ಎರಡೇ ತಿಂಗಳಿಗೆ ಹಿಂದಿನ ಕಾಲು ಒಳಗೆ ಬಾಗಿತು, ಕಲ್ಲು ಹಾಕಿದ ಕಡೆ ತಗಡು ತಗ್ಗಾಯಿತು, ಗಾಲಿ ಕಿರುಗುಟ್ಟೋಕೆ ಶುರು. ವಾಪಸ್ ಮಾಡೋ ಅವಧಿ ಮುಗಿದಿತ್ತು. ಆಮೇಲೆ ಸೆಪ್ಟೆಂಬರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹೋದಾಗ ಮಳಿಗೆಗಳಲ್ಲಿ ಇಟ್ಟಿದ್ದ ಮೂರ್ನಾಲ್ಕು ಗಾಡಿಗಳನ್ನು ತಳ್ಳಿ ನೋಡಿದೆ. ಈ ಸಲ ಮೇ ತಿಂಗಳಲ್ಲಿ ಹುಬ್ಬಳ್ಳಿಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ 4,300 ರೂಪಾಯಿ ಕೊಟ್ಟು ಈಗಿನದನ್ನು ತಂದೆ. ಅರವತ್ತು ಲೀಟರಿನ ತೊಟ್ಟಿ, 18 ಗೇಜ್ ತಗಡು, ಗಾಳಿ ತುಂಬೋ ಟೈರು.

ನಾನು ತೊಟ್ಟಿಯನ್ನೇ ಬಡಿದು ಬಡಿದು ನೋಡುತ್ತಿದ್ದೆ. ಅಂಗಡಿಯವರು "ಅಕ್ಕಾರ, ಮೊದಲ ಗಾಲಿ ನೋಡ್ರಿ, ತಗಡು ಆಮ್ಯಾಲೆ" ಅಂದರು. ಅವರ ಮಾತು ನೂರಕ್ಕೆ ನೂರು ನಿಜ. ನಮ್ಮ ಕಡೆ ಚಕ್ಕಡಿಯ ಗಾಲಿ ಆಳೆತ್ತರ ಯಾಕೆ ಇರುತ್ತಿತ್ತು ಹೇಳಿ? ಗಾಲಿ ದೊಡ್ಡದಾದಷ್ಟೂ ತಗ್ಗು, ಕಲ್ಲು, ಬೇರು ಹಗುರವಾಗಿ ದಾಟುತ್ತೆ. ನನ್ನ ಗಾಡಿಯ ಟೈರಿನ ಮೇಲೆ 3.50-8 ಅಂತ ಇದೆ. ಮೊದಲಿನ ಅಂಕಿ ಟೈರಿನ ಅಗಲ, ಎರಡನೆಯದು ರಿಮ್ಮಿನ ಅಳತೆ, ಎರಡೂ ಇಂಚಿನಲ್ಲಿ. ಹಳೆಯ ಗಾಡಿಯ ಗಾಲಿ ಇದಕ್ಕಿಂತ ಸಣ್ಣದು, ಕಿರಿದು, ಗಟ್ಟಿ ರಬ್ಬರಿನದು. ಮಳೆ ಬಿದ್ದ ಮಣ್ಣಿನಲ್ಲಿ ಚಾಕುವಿನ ಹಾಗೆ ಗೀರಿಕೊಂಡು ಇಳಿಯುತ್ತಿತ್ತು.

ಹಾಗಂತ ಗಟ್ಟಿ ಟೈರು ಸುಮ್ನೆ ತಳ್ಳಿಹಾಕುವಂಥದ್ದೂ ಅಲ್ಲ. ನಿಮ್ಮ ಜಾಗದಲ್ಲಿ ಜಾಲಿ ಮುಳ್ಳು, ನೆಗ್ಗಿಲು ಜಾಸ್ತಿ ಇದ್ದರೆ ಗಾಳಿ ಟೈರು ವಾರಕ್ಕೊಮ್ಮೆ ಪಂಕ್ಚರ್ ಆಗಬಹುದು. ನನಗೆ ಐದು ತಿಂಗಳಲ್ಲಿ ಎರಡು ಸಲ ಆಯಿತು, ಎರಡೂ ಸಲ ಬೇಲಿ ಕಡೆ ಹೋದಾಗಲೇ. ಇನ್ನೊಂದು ಮಾತು. ಇದರ ವಾಲ್ವ್ ಬೈಕಿನ ತರಹದ್ದು, ಮನೆಯಲ್ಲಿರೋ ಸೈಕಲ್ ಪಂಪು ಕೂರಲ್ಲ, ಬೈಕಿನ ಪಂಪು ಬೇಕು. ಪಂಕ್ಚರ್ ಅಂಗಡಿಗೆ ಒಯ್ದರೆ ಪಕ್ಕದಲ್ಲೇ ನಿಂತು, ಟೈರಿನ ಮೇಲೆ ಎಷ್ಟು ಬರೆದಿದೆಯೋ ಅಷ್ಟೇ ಗಾಳಿ ಹಾಕಿಸಿ. ಸಣ್ಣ ಟೈರು, ದೊಡ್ಡ ಕಂಪ್ರೆಸರು, ಕ್ಷಣದಲ್ಲಿ ಜಾಸ್ತಿ ಆಗಿಬಿಡುತ್ತೆ.

ನಮ್ಮದು ಮಸಾರಿ, ಕೆಂಪು ಮಣ್ಣು. ತವರುಮನೆ ನವಲಗುಂದ ಕಡೆ, ಅಲ್ಲಿ ಎರೆ, ಕಪ್ಪು ಮಣ್ಣು. ಮಳೆಯಾದ ಮೇಲೆ ಎರೆ ಮಣ್ಣು ಗಾಲಿಗೆ ಹೇಗೆ ಮೆತ್ತಿಕೊಳ್ಳುತ್ತೆ ಅಂತ ಆ ಕಡೆಯವರಿಗೆ ಹೇಳಬೇಕಿಲ್ಲ. ಅಲ್ಲಿನವರು ತಗೊಳ್ಳೋದಾದರೆ ಗಾಲಿಗೂ ಅದನ್ನು ಹಿಡಿದಿರೋ ಪೈಪಿಗೂ ನಡುವೆ ಮೂರು ಬೆರಳಾದರೂ ಹೋಗುತ್ತಾ ನೋಡಿ. ಇಲ್ಲದಿದ್ದರೆ ಮಣ್ಣು ತುಂಬಿ ಗಾಲಿ ತಿರುಗೋದೇ ನಿಂತುಬಿಡುತ್ತೆ, ಆಮೇಲೆ ಗಾಡಿಯನ್ನು ಎಳೆಯಬೇಕಷ್ಟೆ.

ಇನ್ನು ಭಾರದ ಲೆಕ್ಕ. ಇದನ್ನು ಯಾರೂ ಹೇಳಲ್ಲ, ನಾನು ಟೇಪು ಹಿಡಿದು ಅಳೆದೆ. ಗಾಲಿಯ ಅಚ್ಚಿನಿಂದ ಹಿಡಿಕೆಯ ತನಕ 135 ಸೆಂಟಿಮೀಟರ್. ಅಚ್ಚಿನಿಂದ ತೊಟ್ಟಿಯ ನಡುವಿನ ತನಕ 45. ಅಂದರೆ ಭಾರದ ಮೂರರಲ್ಲಿ ಒಂದು ಪಾಲು ನನ್ನ ಕೈಗೆ, ಉಳಿದದ್ದು ಗಾಲಿಗೆ. ಹಸಿ ಮಣ್ಣು ಲೀಟರಿಗೆ ಸುಮಾರು ಒಂದೂವರೆ ಕೆಜಿ ತೂಗುತ್ತೆ, ಅರವತ್ತು ಲೀಟರಿಗೆ 90 ಕೆಜಿ, ನಾನು ಎತ್ತೋದು 30. ಹಳೆಯ ಗಾಡಿಯಲ್ಲಿ ಹಿಡಿಕೆ ಇಷ್ಟೇ ಉದ್ದ, ಆದರೆ ತೊಟ್ಟಿ ಹಿಂದಕ್ಕೆ ಕೂತಿತ್ತು, ಅಚ್ಚಿನಿಂದ ಅದರ ನಡುವಿನ ತನಕ 60 ಸೆಂಟಿಮೀಟರ್. ಅದೇ ಮಣ್ಣಿಗೆ ಕೈಮೇಲೆ 40 ಕೆಜಿ! ಹತ್ತು ಕೆಜಿ ಅಂದರೆ ಸಣ್ಣದಲ್ಲ, ಅಲ್ವಾ? ಅಂಗಡಿಗೆ ಹೋಗುವಾಗ ಟೇಪು ಒಯ್ಯಿರಿ. ಸಾಧ್ಯವಾದರೆ ಒಂದು ಸಿಮೆಂಟ್ ಚೀಲ ಇಡಿಸಿ ಹತ್ತು ಹೆಜ್ಜೆ ತಳ್ಳಿ. ಚೀಲ 50 ಕೆಜಿ, ಗಾಡಿಯ ಗುಣ ಅಷ್ಟರಲ್ಲೇ ಗೊತ್ತಾಗುತ್ತೆ. ಮನೆಗೆ ಬಂದ ಮೇಲೂ ಕಲ್ಲು, ಮಣ್ಣು ಯಾವಾಗಲೂ ಗಾಲಿ ಕಡೆಗೇ ಹಾಕಿ.

ತೊಂಬತ್ತು, ನೂರು ಲೀಟರಿನ ತೊಟ್ಟಿ ನೋಡಿ ಆಸೆ ಆಗುತ್ತೆ. ಎಲೆ, ಗರಿ ಮಾತ್ರ ಸಾಗಿಸೋರಿಗೆ ಅದು ಸರಿ. ಮಣ್ಣು, ಮರಳು ತುಂಬೋರಿಗೆ ಬೇಡ. ಮರಳು ನೂರು ಲೀಟರ್ ಅಂದರೆ ಒಂದೂವರೆ ಕ್ವಿಂಟಲ್ ದಾಟುತ್ತೆ, ಗೌಂಡಿಗಳ ಜೊತೆ ವರ್ಷಗಟ್ಟಲೆ ದುಡಿದವರೇ ಅದನ್ನು ತಳ್ಳಬೇಕು.

ತಗಡಿನ ಬಗ್ಗೆ ಒಂದೇ ಮಾತು: ಗೇಜ್ ಅಂಕಿ ಜಾಸ್ತಿ ಆದಷ್ಟೂ ತಗಡು ತೆಳುವು. 16 ಅಂದರೆ 1.6 ಮಿಲಿಮೀಟರ್, 18 ಅಂದರೆ 1.2, 20 ಅಂದರೆ 0.9. ಹಿತ್ತಲಿಗೆ 18 ಸಾಕು, ಕಲ್ಲು ಸಾಗಿಸೋರು 16 ನೋಡಲಿ. ಎರಡು ಗಾಲಿಯದೂ ಬರುತ್ತೆ, ಅದು ಪಕ್ಕಕ್ಕೆ ವಾಲಲ್ಲ, ವಯಸ್ಸಾದವರಿಗೆ ಒಳ್ಳೆಯದು. ಆದರೆ ಮನೆಗೂ ಕಂಪೌಂಡಿಗೂ ನಡುವೆ ನಮಗಿರೋ ಸಂದಿಯಲ್ಲಿ ಅದು ಹೊರಳಲ್ಲ. ಆ ಸಂದಿ 80 ಸೆಂಟಿಮೀಟರ್, ನನ್ನ ಗಾಡಿ 65. ಮುಷ್ಟಿ ಗೋಡೆಗೆ ಉಜ್ಜದ ಹಾಗೆ ಇಷ್ಟು ಜಾಗ ಬೇಕೇ ಬೇಕು.

ತರೋದೇ ಒಂದು ಕೆಲಸ. ಹುಬ್ಬಳ್ಳಿ-ಧಾರವಾಡ ನಡುವೆ ಓಡೋ ಚಿಗರಿ ಬಸ್ಸಿನಲ್ಲಂತೂ ಆಗಲ್ಲ. ಬಿಚ್ಚಿದ ಸ್ಥಿತಿಯಲ್ಲೇ ಕೊಡಿ ಅಂತ ಕೇಳಿ ಆಟೋದಲ್ಲಿ ತಂದೆ, ಮನೆಯಲ್ಲಿ ಪಾನಾ ಹಿಡಿದು ಅರ್ಧ ಗಂಟೆಯಲ್ಲಿ ಜೋಡಿಸಿದೆವು. ಬೋಲ್ಟುಗಳನ್ನು ಎರಡು ವಾರ ಬಿಟ್ಟು ಮತ್ತೊಮ್ಮೆ ಬಿಗಿ ಮಾಡಿ. ನಮ್ಮದರಲ್ಲಿ ನಾಲ್ಕು ಸಡಿಲವಾಗಿದ್ದವು. ಅಚ್ಚಿಗೆ ಗ್ರೀಸ್ ಹಾಕೋ ನಿಪ್ಪಲ್ ಇದೆ, ಅದು ಇರೋ ಗಾಡಿಯನ್ನೇ ತಗೊಳ್ಳಿ. ಚಕ್ಕಡಿಗೆ ಕೀಲೆಣ್ಣೆ ಹಾಕಿದ ಹಾಗೆ ಆಗಾಗ ಹಾಕುತ್ತಿದ್ದರೆ ಗಾಲಿ ಸದ್ದೇ ಮಾಡಲ್ಲ. ಗೊಬ್ಬರ ತುಂಬಿದ ದಿನ ತೊಳೆದು ಗೋಡೆಗೆ ನಿಲ್ಲಿಸಿ ಇಡುತ್ತೇನೆ, ಇಷ್ಟು ಮಳೆ ಆದರೂ ತುಕ್ಕು ಕಂಡಿಲ್ಲ.

ಬೇಸರ ತಂದಿದ್ದು ಹಿಡಿಕೆಯ ರಬ್ಬರು. ಮಳೆಯಲ್ಲಿ ಕೈ ಒದ್ದೆಯಾದಾಗ ಅದು ಪೈಪಿನ ಮೇಲೆ ತಿರುಗುತ್ತೆ, ಜುಲೈನಲ್ಲಿ ಒಂದು ಕಡೆಯದು ಕಳಚಿಯೇ ಬಂತು, ತುಂಬಿದ ಗಾಡಿ ಮಗ್ಗುಲಿಗೆ ಬಿತ್ತು. ಎರಡನ್ನೂ ಕಿತ್ತು, ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಪೈಪಿಗೆ ಬಿಗಿಯಾಗಿ ಸುತ್ತಿದ್ದೇನೆ. ಆವತ್ತಿನಿಂದ ಜಾರಿಲ್ಲ.